ಬಲಕ್ಕೆ ಹೊಡೆದ ಚೆಂಡು ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮ ಸೋದರಮಾವನ ಹತ್ತಿರ ಹಳೇ ಗೇಮ್ ಬಾಯ್ ಇದೆ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದವರ ಯಂತ್ರ. ಜೊತೆಗೊಂದು ಮಿನಿ ಗಾಲ್ಫ್ ಕಾರ್ಟ್ರಿಜ್. ಅದನ್ನು ಆಡಿ ಆಡಿ, ಚಿತ್ರದುರ್ಗದ ಕೋಟೆಯನ್ನೇ ಮೈದಾನ ಮಾಡಿ ಅಂಥದ್ದೊಂದು ಗೇಮ್ ನಾನೇ ಬರೆಯಬೇಕು ಅನ್ನಿಸಿತು. ಗೇಮ್ ಬಾಯ್‌ಗೆ ಪ್ರೋಗ್ರಾಮ್ ಬರೆಯುವ ಜಿಬಿಡಿಕೆ ಸಾಧನ ಹಾಕಿಕೊಂಡು ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ವೇಗಕ್ಕೆ 16 ಬಿಟ್ ಇಟ್ಟಿದ್ದೇನೆ, ಒಂದು ಪಿಕ್ಸೆಲ್ ಅಂದರೆ 256. ಪ್ರತಿ ಫ್ರೇಮ್‌ಗೂ (ಪರದೆಯ ಪ್ರತಿ ಚಿತ್ರಕ್ಕೂ) ವೇಗವನ್ನು 5 ಬಿಟ್ ಬಲಕ್ಕೆ ಸರಿಸಿ, ಅಂದರೆ 32ರಿಂದ ಭಾಗಿಸಿ, ಬಂದದ್ದನ್ನು ವೇಗದಿಂದಲೇ ಕಳೆಯುತ್ತೇನೆ. ಚೆಂಡು ಎಡಕ್ಕೋ ಮೇಲಕ್ಕೋ ಹೋದರೆ ಸರಿಯಾಗಿ ನಿಲ್ಲುತ್ತದೆ. ಬಲಕ್ಕೋ ಕೆಳಕ್ಕೋ ಹೋದರೆ ತೆವಳುತ್ತಲೇ ಇರುತ್ತದೆ. ಜೋರಾಗಿ ಹೊಡೆದರೆ ಗೋಡೆಯನ್ನೇ ತೂರಿಕೊಂಡು ಹೋಗುತ್ತದೆ. ಇನ್ನೊಂದು ಅನುಮಾನ ಸರ್. ಮಾವನ ಕಾರ್ಟ್ರಿಜ್‌ನಲ್ಲಿ ಒಂದೇ ಥರ ಹೊಡೆದರೂ ಒಮ್ಮೆ ಗುಳಿಗೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ. ಗೇಮೇ ಮೋಸ ಮಾಡುತ್ತದಾ?

ಉತ್ತರ: ಮೊದಲು ತೆವಳುವ ಚೆಂಡಿನ ವಿಷಯ. ಅದು ಬಗೆಹರಿಯದೆ ಕೋಟೆಗೆ ಕೈ ಹಾಕಬೇಡಿ.

ಗೇಮ್ ಬಾಯ್ 1989ರ ಯಂತ್ರ. ಅದರ ಪ್ರೊಸೆಸರ್ 8 ಬಿಟ್‌ನದು, 4.19 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಕೂಡುವುದು, ಕಳೆಯುವುದು, ಬಿಟ್ ಸರಿಸುವುದು ಅದಕ್ಕೆ ಬರುತ್ತದೆ. ಗುಣಿಸಲು, ಭಾಗಿಸಲು ಅದರಲ್ಲಿ ಸೂಚನೆಯೇ ಇಲ್ಲ. ದಶಾಂಶದ ಲೆಕ್ಕವಂತೂ ಕೇಳಲೇಬೇಡಿ. ಹಾಗಾಗಿ ಒಂದು ಪಿಕ್ಸೆಲ್ ಅನ್ನು 256 ಪಾಲು ಮಾಡಿ ಪೂರ್ಣಾಂಕದಲ್ಲೇ ಲೆಕ್ಕ ಹಾಕುವುದು, 32ರಿಂದ ಭಾಗಿಸುವ ಬದಲು 5 ಬಿಟ್ ಸರಿಸುವುದು, ಇವೆರಡೂ ಸರಿಯಾದ ದಾರಿಯೇ. ಎಡವಟ್ಟು ಆಗಿರುವುದು ಉಳಿಕೆಯಲ್ಲಿ.

ಒಂದು ಹಾಳೆ ತೆಗೆದುಕೊಂಡು ಕೈಯಲ್ಲೇ ಲೆಕ್ಕ ಮಾಡಿ. ಚೆಂಡು ಬಲಕ್ಕೆ ಹೋಗುತ್ತಿದೆ, ವೇಗ 32ಕ್ಕೆ ಇಳಿದಿದೆ ಅನ್ನಿ. 5 ಬಿಟ್ ಸರಿಸಿದರೆ 1 ಬರುತ್ತದೆ. ಕಳೆದರೆ 31. ಮುಂದಿನ ಫ್ರೇಮ್‌ನಲ್ಲಿ 31 ಅನ್ನು ಸರಿಸಿದರೆ ಸೊನ್ನೆ. 31ರಲ್ಲಿ ಸೊನ್ನೆ ಕಳೆದರೆ 31. ಅಲ್ಲಿಗೆ ಮುಗಿಯಿತು, ಇನ್ನು ಆ ವೇಗ ಇಳಿಯುವುದೇ ಇಲ್ಲ. ಪ್ರತಿ ಫ್ರೇಮ್‌ಗೆ ಪಿಕ್ಸೆಲ್‌ನ 256ರಲ್ಲಿ 31 ಪಾಲು ಅಂದರೆ ಸೆಕೆಂಡಿಗೆ ಸುಮಾರು 7 ಪಿಕ್ಸೆಲ್. ನೀವು ನೋಡುತ್ತಿರುವ ತೆವಳಾಟ ಇದೇ.

ಈಗ ಎಡಕ್ಕೆ ಹೊಡೆಯಿರಿ. ವೇಗ ಮೈನಸ್ 31. ಇದನ್ನು 5 ಬಿಟ್ ಸರಿಸಿದರೆ ಸೊನ್ನೆ ಬರುವುದಿಲ್ಲ, ಮೈನಸ್ 1 ಬರುತ್ತದೆ. ಮೈನಸ್ ಸಂಖ್ಯೆಯನ್ನು ಸರಿಸುವಾಗ ಉತ್ತರ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೇ ಬೀಳುತ್ತದೆ. ಹಾಗಾಗಿ ಮೈನಸ್ 31, ಮೈನಸ್ 30, ಮೈನಸ್ 29 ಅಂತ ಒಂದೊಂದೇ ಇಳಿದು ಸೊನ್ನೆಗೆ ಬಂದು ಚೆಂಡು ನಿಲ್ಲುತ್ತದೆ. ಪರದೆಯಲ್ಲಿ ವೈ ಅಳತೆ ಕೆಳಮುಖವಾಗಿ ಬೆಳೆಯುವುದರಿಂದ ಮೇಲಕ್ಕೆ ಹೋಗುವ ಚೆಂಡಿನ ವೇಗವೂ ಮೈನಸ್. ಎಡ ಮತ್ತು ಮೇಲೆ ಒಂದು ಜೋಡಿ, ಬಲ ಮತ್ತು ಕೆಳಗೆ ಇನ್ನೊಂದು ಜೋಡಿ ಆಗಿದ್ದು ಅದಕ್ಕೇ.

ನೀವು ಗಮನಿಸದ ಇನ್ನೊಂದು ತೊಂದರೆಯೂ ಇದರಲ್ಲಿದೆ. ಫ್ರೇಮ್‌ಗೆ 2 ಪಿಕ್ಸೆಲ್ ವೇಗದಲ್ಲಿ ಎಡಕ್ಕೆ ಹೊಡೆದ ಚೆಂಡು ಸುಮಾರು 57 ಪಿಕ್ಸೆಲ್ ಹೋಗಿ ನಿಲ್ಲುತ್ತದೆ. ಅದೇ ವೇಗದಲ್ಲಿ ಬಲಕ್ಕೆ ಹೊಡೆದದ್ದು 65 ದಾಟಿ, ಆಮೇಲೂ ತೆವಳುತ್ತದೆ. ತೆವಳುವುದನ್ನು ನಿಲ್ಲಿಸಲು ‘ವೇಗ 32ಕ್ಕಿಂತ ಕಡಿಮೆಯಾದರೆ ಸೊನ್ನೆ ಮಾಡು’ ಅಂತ ಒಂದು ಸಾಲು ಸೇರಿಸುವ ಯೋಚನೆ ನಿಮಗೆ ಬಂದೇ ಬರುತ್ತದೆ. ಬೇಡ. ಹಾಗೆ ಮಾಡಿದರೂ ಎಡಕ್ಕೊಂದು ದೂರ, ಬಲಕ್ಕೊಂದು ದೂರ ಅನ್ನುವುದು ಹಾಗೇ ಉಳಿಯುತ್ತದೆ. ಆಡುವವರಿಗೆ ಕಾರಣ ಗೊತ್ತಾಗುವುದಿಲ್ಲ. ‘ಏನೋ ಸರಿಯಿಲ್ಲ’ ಅಂತ ಮಾತ್ರ ಅನ್ನಿಸುತ್ತದೆ.

ಸರಿಯಾದ ದಾರಿ ಇದು. ವೇಗದ ಚಿಹ್ನೆಯನ್ನು ಪಕ್ಕಕ್ಕಿಡಿ. ಬರೀ ಸಂಖ್ಯೆಯನ್ನು 5 ಬಿಟ್ ಸರಿಸಿ. ವೇಗ ಇನ್ನೂ ಸೊನ್ನೆಯಾಗಿರದೆ ಉತ್ತರ ಮಾತ್ರ ಸೊನ್ನೆ ಬಂದರೆ ಅದನ್ನು 1 ಮಾಡಿ. ಕಳೆಯಿರಿ. ಆಮೇಲೆ ಚಿಹ್ನೆ ವಾಪಸ್ ಹಾಕಿ. ಈಗ ನಾಲ್ಕೂ ದಿಕ್ಕಿಗೆ ಒಂದೇ ನಡವಳಿಕೆ. ಕೊನೆಯ ಒಂದು ಸೆಕೆಂಡ್ ಚೆಂಡು ಒಂದೇ ಸಮನೆ ನಿಧಾನವಾಗಿ ನಿಲ್ಲುತ್ತದೆ. ನಿಜವಾದ ಚೆಂಡು ಹುಲ್ಲಿನ ಮೇಲೆ ನಿಲ್ಲುವುದೂ ಹೆಚ್ಚುಕಮ್ಮಿ ಹಾಗೆಯೇ.

ಓರೆಯಾಗಿ ಹೊಡೆದಾಗ ಒಂದು ಸಣ್ಣ ಡೊಂಕು ಉಳಿಯುತ್ತದೆ. ಎಕ್ಸ್ ವೇಗ, ವೈ ವೇಗ ಎರಡರಲ್ಲಿ ಚಿಕ್ಕದು ಯಾವುದೋ ಅದು ಮೊದಲು ಸತ್ತುಹೋಗಿ, ಕೊನೆಯಲ್ಲಿ ಚೆಂಡು ಸ್ವಲ್ಪ ಬಾಗುತ್ತದೆ. ಇದಕ್ಕೆ ವೇಗಕ್ಕೆ ಮಾತ್ರ ಇನ್ನೂ 4 ಬಿಟ್ ಜಾಸ್ತಿ ಕೊಡಿ. ಅಂದರೆ ಒಂದು ಪಿಕ್ಸೆಲ್‌ಗೆ 4096 ಪಾಲು. 16 ಬಿಟ್‌ನಲ್ಲಿ ಆಗಲೂ ಫ್ರೇಮ್‌ಗೆ 8 ಪಿಕ್ಸೆಲ್ ಹತ್ತಿರದ ತನಕ ವೇಗ ಹಿಡಿಸುತ್ತದೆ. ನಿಮಗೆ ಅಷ್ಟು ಬೇಕಾಗುವುದೇ ಇಲ್ಲ. ಸ್ಥಾನಕ್ಕೆ ಕೂಡುವಾಗ 4 ಬಿಟ್ ಸರಿಸಿ ಕೂಡಿ. ಡೊಂಕು ಕಣ್ಣಿಗೆ ಕಾಣದಷ್ಟು ಕಡಿಮೆಯಾಗುತ್ತದೆ.

ಗೋಡೆ ತೂರುವುದಕ್ಕೆ ಕಾರಣ ಸರಳ. ನೀವು ಫ್ರೇಮ್‌ಗೆ ಒಂದು ಸಲ ಮಾತ್ರ ಗೋಡೆ ನೋಡುತ್ತಿದ್ದೀರಿ. ಈ ಫ್ರೇಮ್‌ನಲ್ಲಿ ಚೆಂಡು ಗೋಡೆಯ ಈಚೆಗಿದೆ, ಮುಂದಿನ ಫ್ರೇಮ್‌ನಲ್ಲಿ ಆಚೆಗಿದೆ, ನಡುವೆ ಗೋಡೆ ಇದ್ದದ್ದು ಪ್ರೋಗ್ರಾಮಿಗೆ ಗೊತ್ತೇ ಇಲ್ಲ. ಎರಡು ಕೆಲಸ ಮಾಡಿ. ಒಂದು, ಪೂರ್ತಿ ಜೋರು ಅಂದರೆ ಫ್ರೇಮ್‌ಗೆ 4 ಪಿಕ್ಸೆಲ್, ಅದಕ್ಕಿಂತ ಜಾಸ್ತಿ ಬೇಡ. ನಿಮ್ಮ 32ರ ಲೆಕ್ಕದಲ್ಲಿ ಅಷ್ಟು ವೇಗದ ಚೆಂಡು 130 ಪಿಕ್ಸೆಲ್‌ನ ಆಸುಪಾಸು ಹೋಗುತ್ತದೆ. ಪರದೆ ಇರುವುದೇ 160 ಅಗಲ, 144 ಎತ್ತರ. ಎರಡು, ಪ್ರತಿ ಫ್ರೇಮ್‌ನ ಚಲನೆಯನ್ನು ನಾಲ್ಕು ತುಂಡು ಮಾಡಿ. ಪ್ರತಿ ತುಂಡಿನಲ್ಲೂ ಮೊದಲು ಎಕ್ಸ್ ಕಡೆಗೆ ಸರಿಸಿ ನೋಡಿ. ಗೋಡೆ ಸಿಕ್ಕರೆ ಆ ಹೆಜ್ಜೆ ವಾಪಸ್ ತೆಗೆದು ಎಕ್ಸ್ ವೇಗದ ಚಿಹ್ನೆ ತಿರುಗಿಸಿ. ಆಮೇಲೆ ವೈ ಕಡೆಗೆ ಸರಿಸಿ, ಅದೇ ರೀತಿ. ಗೋಡೆಯ ಯಾವ ಮುಖಕ್ಕೆ ಬಡಿಯಿತು ಅಂತ ಬೇರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಈ ಕ್ರಮದಲ್ಲೇ ಅದು ಗೊತ್ತಾಗುತ್ತದೆ. ಬಡಿದ ಮೇಲೆ ವೇಗದ ಕಾಲುಭಾಗ ಕಳೆಯಿರಿ, 2 ಬಿಟ್ ಸರಿಸಿದರೆ ಆಯಿತು.

45 ಡಿಗ್ರಿ ಓರೆ ಗೋಡೆ ಇನ್ನೂ ಸುಲಭ. ಎಡಮೇಲಿನಿಂದ ಬಲಕೆಳಕ್ಕೆ ಇಳಿಯುವ ಓರೆಯಾದರೆ ಎಕ್ಸ್ ವೇಗ, ವೈ ವೇಗ ಎರಡನ್ನೂ ಅದಲುಬದಲು ಮಾಡಿ. ಎದುರು ಓರೆಯಾದರೆ ಅದಲುಬದಲು ಮಾಡಿ ಎರಡರ ಚಿಹ್ನೆಯನ್ನೂ ತಿರುಗಿಸಿ. ಸೈನ್, ಕೊಸೈನ್ ಏನೂ ಬೇಡ. ಆಟಗಾರ ದಿಕ್ಕು ಹಿಡಿಯುವಾಗ ಮಾತ್ರ ಕೋನ ಬೇಕು. ಅದಕ್ಕೆ 64 ದಿಕ್ಕುಗಳ ಒಂದು ಪಟ್ಟಿಯನ್ನು ಮೊದಲೇ ಲೆಕ್ಕ ಹಾಕಿ ರಾಮ್‌ನಲ್ಲಲ್ಲ, ರೋಮ್‌ನಲ್ಲಿ ಇಟ್ಟುಬಿಡಿ. ಈ ಯಂತ್ರಕ್ಕೆ ಕೆಲಸದ ರಾಮ್ ಇರುವುದು ಬರೀ 8 ಕಿಲೋಬೈಟ್.

ಇನ್ನು ಮೋಸದ ಅನುಮಾನ. ನಿಮ್ಮ ಮಾವನ ಕಾರ್ಟ್ರಿಜ್ ಯಾವುದು ಅಂತ ನೀವು ಬರೆದಿಲ್ಲ. ಆದರೂ ಒಂದು ಮಾತು ಹೇಳಬಹುದು. ಅಂಥ ಗೇಮ್‌ನಲ್ಲಿ ಚೆಂಡು ಹೊರಟ ಮೇಲೆ ನಡೆಯುವುದು ಬರೀ ಕೂಡುವ ಕಳೆಯುವ ಲೆಕ್ಕ. ಅದೇ ಜಾಗ, ಅದೇ ದಿಕ್ಕು, ಅದೇ ಜೋರು ಇದ್ದರೆ ಅದೇ ಫಲ. ಬದಲಾಗುವುದು ನಿಮ್ಮ ಬೆರಳು. ಗೇಮ್ ಬಾಯ್ ಸೆಕೆಂಡಿಗೆ 59.7 ಫ್ರೇಮ್ ತೋರಿಸುತ್ತದೆ. ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ಎಷ್ಟು ಜೋರಾಗಿ ಹೊಡೆಯಬೇಕು ಅಂತ ತೋರಿಸುತ್ತಾ ಏರಿಳಿಯುವ ಜೋರಿನ ಪಟ್ಟಿ ಪ್ರತಿ ಫ್ರೇಮ್‌ಗೆ ಒಂದು ಮನೆ ಏರುತ್ತಿದ್ದರೆ, ನೀವು ಅರೆಕ್ಷಣ ತಡವಾಗಿ ಒತ್ತಿದರೂ ಎರಡು ಮೂರು ಮನೆ ದಾಟಿರುತ್ತದೆ. ‘ಒಂದೇ ಥರ ಹೊಡೆದೆ’ ಅಂತ ನಿಮಗೆ ಅನ್ನಿಸುತ್ತದೆ, ಆದರೆ ಆ ಯಂತ್ರ ನಿಮ್ಮ ಕೈಯನ್ನು ನಿಮಗಿಂತ ಸಣ್ಣ ಅಳತೆಯಲ್ಲಿ ಅಳೆಯುತ್ತಿದೆ.

ಪರೀಕ್ಷೆ ಮಾಡಿ ನೋಡಬೇಕು ಅಂದರೆ, ಕಂಪ್ಯೂಟರಿನಲ್ಲಿ ಗೇಮ್ ಬಾಯ್ ಥರವೇ ಓಡುವ ಎಮ್ಯುಲೇಟರ್‌ನಲ್ಲಿ ಮಾಡಿ. ಎಂಜಿಬಿಎ ಅನ್ನುವ ಎಮ್ಯುಲೇಟರಿನಲ್ಲಿ ಆಟವನ್ನು ಒಂದೊಂದೇ ಫ್ರೇಮ್ ಮುಂದೆ ತಳ್ಳಬಹುದು. ನಿಮ್ಮದೇ ಗೇಮ್‌ನ ಮೇಲೆ ಅಭ್ಯಾಸ ಮಾಡಿಕೊಳ್ಳಿ. ಹೊಡೆಯುವ ಮುಂಚಿನ ಕ್ಷಣವನ್ನು ಉಳಿಸಿ, ಪಟ್ಟಿ ಅದೇ ಮನೆಯಲ್ಲಿದ್ದಾಗ ಒತ್ತಿ, ಚೆಂಡು ಎಲ್ಲಿ ನಿಂತಿತು ನೋಡಿ. ಇಲ್ಲಿ ಒಂದು ಬಲೆ ಇದೆ. ಉಳಿಸಿದ ಕ್ಷಣದಿಂದ ಅಷ್ಟೇ ಫ್ರೇಮ್ ಬಿಟ್ಟು ಒತ್ತಿದರೆ ಫಲ ಒಂದೇ ಬರುವುದು ಖಂಡಿತ, ಗೇಮ್ ಒಳಗೊಳಗೆ ಅದೃಷ್ಟದ ಸಂಖ್ಯೆ ಬಳಸುತ್ತಿದ್ದರೂ ಬರುತ್ತದೆ. ಆ ಸಂಖ್ಯೆಯೂ ಆ ಕ್ಷಣದ ಜೊತೆಗೇ ಉಳಿದಿರುತ್ತದಲ್ಲ. ಹಾಗಾಗಿ ಒಮ್ಮೆ ಮೊದಲ ಏರಿಕೆಯಲ್ಲಿ ಒತ್ತಿ, ಇನ್ನೊಮ್ಮೆ ಪಟ್ಟಿ ಒಂದು ಸುತ್ತು ಇಳಿದು ಮತ್ತೆ ಅದೇ ಮನೆಗೆ ಬಂದಾಗ ಒತ್ತಿ. ಆಗಲೂ ಚೆಂಡು ಅದೇ ಜಾಗದಲ್ಲಿ ನಿಂತರೆ ಗೇಮ್ ನಿಯತ್ತಾಗಿದೆ.

ನೀವು ಬರೆಯುವಾಗ ಪಟ್ಟಿಗೆ 32 ಮನೆ ಇಡಿ. ಎರಡು ಫ್ರೇಮ್‌ಗೆ ಒಂದು ಮನೆ ಏರಲಿ. ತಳದಿಂದ ತುದಿಗೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಅದು ಹದ. ಗುಂಡಿ ಒತ್ತಿ ಜೋರು ನಿಲ್ಲಿಸು, ಮತ್ತೆ ಒತ್ತಿ ಗುರಿ ನಿಲ್ಲಿಸು ಅನ್ನುವ ಪದ್ಧತಿಗೆ ಬೇರು ನಿಂಟೆಂಡೊದವರ 1984ರ ಗಾಲ್ಫ್ ಗೇಮ್‌ನಲ್ಲಿದೆ. ಮುಂದೆ ಆ ಕಂಪನಿಗೇ ಅಧ್ಯಕ್ಷರಾದ ಸತೋರು ಇವಾಟಾ ಅದರ ಪ್ರೋಗ್ರಾಮ್ ಬರೆದವರು. ಆದರೆ ಅದು ದೊಡ್ಡ ಮೈದಾನದ ಆಟ. ಮಿನಿ ಗಾಲ್ಫ್‌ನಲ್ಲಿ ಕೈಯಲ್ಲಿರುವುದು ಪಟರ್ ಒಂದೇ, ಚೆಂಡು ನೆಲ ಬಿಟ್ಟು ಏಳುವುದಿಲ್ಲ. ದಿಕ್ಕು ಒಂದು, ಜೋರು ಒಂದು, ಅಷ್ಟು ಸಾಕು. ಗುರಿ ತಪ್ಪಿಸುವ ಮೂರನೇ ಒತ್ತು ಸೇರಿಸಿದರೆ ಆಟ ಕಷ್ಟವಾಗುತ್ತದೆಯೇ ಹೊರತು ಚೆನ್ನಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಗುಳಿಗೆ ಬೀಳುವ ಲೆಕ್ಕವನ್ನೂ ಈಗಲೇ ಸರಿ ಮಾಡಿಕೊಳ್ಳಿ. ನಿಜವಾದ ಗಾಲ್ಫ್‌ನಲ್ಲಿ ಗುಳಿಯ ಅಗಲ 108 ಮಿಲಿಮೀಟರ್, ಚೆಂಡು ಸುಮಾರು 43. ಅಂದರೆ ಗುಳಿ ಚೆಂಡಿನ ಎರಡೂವರೆ ಪಟ್ಟು. ನಿಮ್ಮ ಚೆಂಡು 4 ಪಿಕ್ಸೆಲ್ ಆದರೆ ಗುಳಿ 10 ಇರಬೇಕು. ಪರದೆ ಕಟ್ಟುವ 8 ಪಿಕ್ಸೆಲ್‌ನ ಚೌಕಕ್ಕೆ ಟೈಲ್ ಅನ್ನುತ್ತಾರೆ. ಒಂದೇ ಟೈಲ್‌ನಲ್ಲಿ ಹಿಡಿಸಬೇಕು ಅಂತ 8ಕ್ಕೆ ಇಳಿಸಿದರೂ ನಡೆಯುತ್ತದೆ. ಚೆಂಡಿನ ನಡು ಗುಳಿಯ ನಡುವಿನಿಂದ 4 ಪಿಕ್ಸೆಲ್ ಒಳಗಿರಬೇಕು, ವೇಗ ಫ್ರೇಮ್‌ಗೆ ಒಂದೂವರೆ ಪಿಕ್ಸೆಲ್‌ಗಿಂತ ಕಡಿಮೆ ಇರಬೇಕು, ಎರಡೂ ಕೂಡಿದರೆ ಬಿತ್ತು. ಓರೆ ವೇಗ ಅಳೆಯಲು ವರ್ಗಮೂಲ ಬೇಡ. ಎಕ್ಸ್, ವೈ ಎರಡರಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿ. ಉತ್ತರ ನಿಜಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಈ ತಪಾಸಣೆಯನ್ನೂ ನಾಲ್ಕು ತುಂಡಿನ ಒಳಗೇ ಹಾಕಿ, ಇಲ್ಲದಿದ್ದರೆ ಗೋಡೆ ತೂರಿದ ಹಾಗೇ ಗುಳಿಯನ್ನೂ ಹಾರಿಹೋಗುತ್ತದೆ.

ಈಗ ಕೋಟೆ. ನಿಮ್ಮ ಯೋಚನೆ ನನಗೆ ಬಹಳ ಹಿಡಿಸಿತು. ಯಾಕೆ ಅಂದರೆ ದುರ್ಗದ ಕೋಟೆ ಕಟ್ಟಿದವರ ತಲೆ, ಮಿನಿ ಗಾಲ್ಫ್ ಮೈದಾನ ಕಟ್ಟುವವರ ತಲೆ ಒಂದೇ ದಿಕ್ಕಿಗೆ ಓಡುತ್ತದೆ. ಬರುವವರಿಗೆ ನೇರ ದಾರಿ ಸಿಗಬಾರದು. ಏಳು ಸುತ್ತಿನ ಕೋಟೆಯ ಬಾಗಿಲು ದಾಟಿ ನಡೆದಿದ್ದರೆ ನಿಮಗೆ ಗೊತ್ತು. ಬಾಗಿಲ ಎದುರಿಗೆ ಗೋಡೆ, ಪಕ್ಕಕ್ಕೆ ತಿರುಗಬೇಕು, ಮತ್ತೆ ತಿರುಗಬೇಕು. ಆನೆಯನ್ನೋ ಮರದ ದಿಮ್ಮಿಯನ್ನೋ ಓಡಿಸಿಕೊಂಡು ಬಂದು ಬಾಗಿಲಿಗೆ ಗುದ್ದಲು ಜಾಗವೇ ಇಲ್ಲ. ನಿಮ್ಮ ಚೆಂಡಿಗೂ ಅದೇ ಗತಿ, ಗೋಡೆಗೆ ಬಡಿದೇ ತಿರುಗಬೇಕು. ಮೊದಲ ಹೋಲ್, ಅಂದರೆ ಒಂದು ಗುಳಿಯ ಮೈದಾನ, ಅದನ್ನೇ ಮಾಡಿ. ತಿರುವಿನ ಮೂಲೆಗೆ ಒಂದು 45 ಡಿಗ್ರಿ ಓರೆ ಗೋಡೆ ಇಟ್ಟರೆ ಒಂದೇ ಹೊಡೆತಕ್ಕೆ ಎರಡು ತಿರುವು ದಾಟುವ ಆಸೆ ಹುಟ್ಟುತ್ತದೆ.

ಒಂದು ಸಲಹೆ, ಇದು ಮುಖ್ಯ. ಹೊರಗಿಂದ ಒಳಗೆ ಹೊಡೆಸಬೇಡಿ. ಹಾಗೆ ಮಾಡಿದರೆ ಓಬವ್ವನ ಕಿಂಡಿಗೆ ಬರುವಷ್ಟರಲ್ಲಿ ನಿಮ್ಮ ಆಟಗಾರ ಹೈದರಾಲಿಯ ಸೈನಿಕನಾಗಿರುತ್ತಾನೆ! ನಮ್ಮ ಜಿಲ್ಲೆಗಳಲ್ಲಿ ಆ ಆಟವನ್ನು ಯಾರೂ ಗೆಲ್ಲಲು ಬಯಸುವುದಿಲ್ಲ. ಮೇಲಿಂದ ಶುರು ಮಾಡಿ. ತುಪ್ಪದ ಕೊಳದ ಬಂಡೆಯ ಮೇಲೆ ಮೊದಲ ಹೊಡೆತ, ಅಲ್ಲಿಂದ ಸುತ್ತು ಸುತ್ತಾಗಿ ಇಳಿದು ಕೊನೆಯ ಹೋಲ್ ಹೊರಗಿನ ಕಂದಕದ ಹತ್ತಿರ. ಬಾಗಿಲಿನ ಹೋಲ್ ಆಗ ಮೊದಲಿನದರ ಬದಲು ಕೊನೆಯ ಹತ್ತಿರಕ್ಕೆ ಬರುತ್ತದೆ, ಬರಲಿ. ಇಳಿಜಾರು ನಿಮ್ಮ ಕಡೆಗಿರುತ್ತದೆ.

ಇಳಿಜಾರಿನ ಲೆಕ್ಕ ಸುಲಭ. ಆ ಟೈಲ್ ಮೇಲಿರುವಷ್ಟು ಹೊತ್ತು ಪ್ರತಿ ಫ್ರೇಮ್‌ಗೆ ಇಳಿಯುವ ದಿಕ್ಕಿಗೆ ಒಂದಿಷ್ಟು ವೇಗ ಕೂಡಿ. ನಿಮ್ಮ 256ರ ಅಳತೆಯಲ್ಲಿ 4 ಕೂಡಿದರೆ, ಉಜ್ಜುವಿಕೆ ಅದನ್ನು ತಡೆದು ಚೆಂಡು ಫ್ರೇಮ್‌ಗೆ ಅರ್ಧ ಪಿಕ್ಸೆಲ್ ಆಸುಪಾಸಿನಲ್ಲಿ ಒಂದೇ ವೇಗಕ್ಕೆ ನಿಲ್ಲುತ್ತದೆ. ಅದಕ್ಕಿಂತ ಕಡಿದಾದ ಇಳಿಜಾರು ಬೇಕಾದರೆ 8 ಮಾಡಿ. ಇಳಿಜಾರಿನ ಕೆಳಗೆ ಗೋಡೆ ಇದ್ದರೆ ಚೆಂಡು ಅದಕ್ಕೆ ಬಡಿಯುತ್ತಾ ನಡುಗುತ್ತಾ ನಿಲ್ಲದೇ ಇರುತ್ತದೆ. ಅರ್ಧ ಸೆಕೆಂಡ್ ಒಂದು ಪಿಕ್ಸೆಲ್ ಕೂಡ ಕದಲದಿದ್ದರೆ ನಿಂತಿತು ಅಂತ ತೀರ್ಮಾನ ಮಾಡಿಬಿಡಿ.

ಓಬವ್ವನ ಕಿಂಡಿ ನಿಮ್ಮ ಗೇಮ್‌ನ ಮುಖ್ಯ ಹೋಲ್. ಮಿನಿ ಗಾಲ್ಫ್ ಅಮೆರಿಕದಲ್ಲಿ 1920ರ ದಶಕದ ಕೊನೆಗೆ ಜನಪ್ರಿಯವಾಯಿತು, ಲುಕ್‌ಔಟ್ ಮೌಂಟನ್‌ನಲ್ಲಿ ಗಾರ್ನೆಟ್ ಕಾರ್ಟರ್ ಶುರು ಮಾಡಿದ ಟಾಮ್ ಥಂಬ್ ಗಾಲ್ಫ್‌ನಿಂದ. ಮುಂದೆ ಆ ಆಟದ ಗುರುತೇ ಆದದ್ದು ಗಾಳಿಯಂತ್ರ. ರೆಕ್ಕೆ ದಾರಿಗೆ ಅಡ್ಡ ಬರುತ್ತಾ ಹೋಗುತ್ತಾ ಇರುತ್ತದೆ, ಸಮಯ ನೋಡಿ ಚೆಂಡು ಬಿಡಬೇಕು. ದುರ್ಗದ ಸುತ್ತಿನ ಗುಡ್ಡಗಳ ಮೇಲೆ ಬೇಕಾದಷ್ಟು ಗಾಳಿಯಂತ್ರಗಳು ನಿಂತಿವೆ, ಅವನ್ನು ಹಿನ್ನೆಲೆಗೆ ಬರೆದುಕೊಳ್ಳಿ. ಅಡ್ಡ ಬರುವ ಕೆಲಸ ಮಾತ್ರ ಒನಕೆಗೆ ಕೊಡಿ. ಕಿಂಡಿ ಒಂದು ಟೈಲ್ ಅಗಲ, 8 ಪಿಕ್ಸೆಲ್. ಒನಕೆ 8 ಅಗಲ 32 ಎತ್ತರ, ಓಡಾಡುವ ಚಿತ್ರದ ತುಂಡು, ಅಂದರೆ 8 ಬೈ 16ರ ಎರಡು ಸ್ಪ್ರೈಟ್‌ನಲ್ಲಿ ಮುಗಿಯುತ್ತದೆ. 128 ಫ್ರೇಮ್‌ಗೆ ಒಂದು ಸಲ ಏರಿ ಇಳಿಯಲಿ, ಅಂದರೆ ಎರಡು ಸೆಕೆಂಡಿಗೆ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ಹೊತ್ತು ದಾರಿ ತೆರೆದಿರಲಿ.

ಇಲ್ಲಿ ಆಟಗಾರ ಕಲಿಯಬೇಕಾದದ್ದು ಒಂದೇ, ಚೆಂಡು ಕಿಂಡಿ ಮುಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದು. ಫ್ರೇಮ್‌ಗೆ 2 ಪಿಕ್ಸೆಲ್ ವೇಗದಲ್ಲಿ ಹೊರಟ ಚೆಂಡು 40 ಪಿಕ್ಸೆಲ್ ದೂರ ಹೋಗಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಹಾಗಾದರೆ ಒನಕೆ ಇನ್ನೂ ಕೆಳಗಿರುವಾಗಲೇ ಹೊಡೆಯಬೇಕು. ಇದು ಹತ್ತು ಹನ್ನೆರಡು ಸಲ ಆಡಿದ ಮೇಲೆ ಕೈಗೆ ಕೂರುತ್ತದೆ. ಕೂರಬೇಕಾದರೆ ಚೆಂಡು ಪ್ರತಿ ಸಲವೂ ಒಂದೇ ರೀತಿ ಓಡಬೇಕು. ಆ ಉಳಿಕೆಯ ಲೆಕ್ಕಕ್ಕೆ ಅಷ್ಟೊಂದು ಹೊತ್ತು ತೆಗೆದುಕೊಂಡಿದ್ದು ಇದಕ್ಕೇ.

ಒನಕೆ ಚೆಂಡಿನ ಮೇಲೇ ಬಿದ್ದರೆ? ಚೆಂಡನ್ನು ಬಂದ ದಾರಿಗೆ ತಳ್ಳಿ, ಸಿಕ್ಕಿಹಾಕಿಕೊಳ್ಳಲು ಬಿಡಬೇಡಿ. ಚೆಂಡಿಗೆ ಸೈನಿಕನ ಮುಖ ಬರೆಯುವ ತಮಾಷೆ ಯಾರಾದರೂ ಸೂಚಿಸಬಹುದು. 4 ಪಿಕ್ಸೆಲ್‌ನಲ್ಲಿ ಮುಖ ಹಿಡಿಸುವುದೂ ಇಲ್ಲ, ಓಬವ್ವನ ಹೆಸರಿಟ್ಟುಕೊಂಡು ಅಂಥದ್ದು ಬೇಕಾಗಿಯೂ ಇಲ್ಲ.

ಅಕ್ಕ-ತಂಗಿ ಹೊಂಡದ ಹೋಲ್ ಮಾಡುವಾಗ ಹುಷಾರು. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಕೋಟೆಯ ನೀರಿನ ವ್ಯವಸ್ಥೆ ಇದೆಯಲ್ಲ, ಅದನ್ನೇ ಹಿಡಿದು ಅಕ್ಕನಲ್ಲಿ ಬಿದ್ದ ಚೆಂಡು ತಂಗಿಯಲ್ಲಿ ಏಳಲಿ. ಆದರೆ ಎದ್ದ ಜಾಗ ಮತ್ತೆ ಹೊಂಡದ ಟೈಲೇ ಆಗಿದ್ದರೆ ಪ್ರೋಗ್ರಾಮ್ ಅದನ್ನು ಮತ್ತೆ ಬಿತ್ತು ಅಂದುಕೊಳ್ಳುತ್ತದೆ, ಚೆಂಡು ಅಕ್ಕ ತಂಗಿಯರ ನಡುವೆ ಸಿಕ್ಕಿ ಒದ್ದಾಡುತ್ತದೆ. ತಂಗಿ ಹೊಂಡದಿಂದ ಒಂದು ಟೈಲ್ ಕೆಳಗೆ ಏಳಿಸಿ. ಗೋಪಾಲಸ್ವಾಮಿ ಹೊಂಡಕ್ಕೆ ಈ ಸೌಲಭ್ಯ ಬೇಡ. ಅದರಲ್ಲಿ ಬಿದ್ದರೆ ಒಂದು ಹೊಡೆತ ದಂಡ, ಚೆಂಡು ಹಿಂದಿನ ಜಾಗಕ್ಕೆ ವಾಪಸ್. ಅದಕ್ಕೆ ಪ್ರತಿ ಹೊಡೆತಕ್ಕೂ ಮುಂಚೆ ಚೆಂಡಿನ ಜಾಗ ಬರೆದಿಟ್ಟುಕೊಳ್ಳಿ.

ಕೋಟೆಯ ಸಿಡಿಮದ್ದು ಬೀಸುವ ಗುಂಡಿಯಲ್ಲಿ ನಾಲ್ಕು ದೊಡ್ಡ ದುಂಡುಕಲ್ಲುಗಳಿವೆ. ದುಂಡಗಿನ ಕಲ್ಲಿಗೆ ಬಡಿದ ಚೆಂಡು ಎತ್ತ ಹೋಗಬೇಕು ಅಂತ ನಿಖರವಾಗಿ ಲೆಕ್ಕ ಹಾಕಲು ಗುಣಾಕಾರ ಬೇಕಾಗುತ್ತದೆ. ಕಳ್ಳದಾರಿ ಇದೆ. ಕಲ್ಲಿನ ನಡುವಿನಿಂದ ಚೆಂಡು ಅಡ್ಡಕ್ಕೆ ಎಷ್ಟು ದೂರ, ಉದ್ದಕ್ಕೆ ಎಷ್ಟು ದೂರ ನೋಡಿ. ಅಡ್ಡ ದೂರ ಉದ್ದದ ಎರಡರಷ್ಟಕ್ಕಿಂತ ಜಾಸ್ತಿ ಇದ್ದರೆ ನಿಂತ ಗೋಡೆ ಅಂದುಕೊಳ್ಳಿ. ಉಲ್ಟಾ ಇದ್ದರೆ ಮಲಗಿದ ಗೋಡೆ. ಎರಡೂ ಅಲ್ಲದಿದ್ದರೆ 45ರ ಓರೆ. ನೀವು ಆಗಲೇ ಬರೆದ ಬಡಿತಗಳೇ ಸಾಕಾದವು. ಚೆಂಡು ಕಲ್ಲಿನ ಕಡೆಗೆ ಬರುತ್ತಿರುವಾಗ ಮಾತ್ರ ತಿರುಗಿಸಿ. ಇಲ್ಲದಿದ್ದರೆ ಕಲ್ಲಿನೊಳಗೇ ಸಿಕ್ಕಿ ಗಿರಗಿರ ಅನ್ನುತ್ತದೆ.

ದಾವಣಗೆರೆಯವರಾಗಿ ಬೆಣ್ಣೆ ದೋಸೆ ಬಿಟ್ಟರೆ ಹೇಗೆ? ಗುಟ್ಟಿನ ಹತ್ತನೇ ಹೋಲ್ ಮಾಡಿ. ದುಂಡಗಿನ ದೋಸೆ, ಮೇಲೊಂದು ಬೆಣ್ಣೆ ಮುದ್ದೆ. ಬೆಣ್ಣೆ ಇರುವ ಟೈಲ್‌ನಲ್ಲಿ 5 ಬಿಟ್ ಬದಲು 6 ಬಿಟ್ ಸರಿಸಿ, ಚೆಂಡು ಹೆಚ್ಚುಕಮ್ಮಿ ಎರಡರಷ್ಟು ದೂರ ಜಾರುತ್ತದೆ. ಮರಳಾದರೆ 4 ಬಿಟ್, ಅರ್ಧಕ್ಕೇ ನಿಲ್ಲುತ್ತದೆ. ಒಂದು ಸಂಖ್ಯೆ ಬದಲಾಯಿಸಿದರೆ ನೆಲವೇ ಬೇರೆಯಾಯಿತು.

ಒಂದು ಪರದೆಗೆ ಒಂದು ಹೋಲ್ ಸಾಕು, ಜರುಗುವ ಮೈದಾನ ಬೇಡ. ಕಾಣದ ಗುಳಿಗೆ ಗುರಿ ಇಡುವುದರಲ್ಲಿ ಮಜಾ ಇಲ್ಲ. ಪರದೆ 8 ಪಿಕ್ಸೆಲ್‌ನ ಟೈಲ್‌ಗಳಲ್ಲಿ 20 ಅಡ್ಡ, 18 ಉದ್ದ. ಅಂಕ ಬರೆಯಲು ಎರಡು ಸಾಲು ಬಿಟ್ಟರೆ 20 ಬೈ 16. ಒಂದು ಹೋಲ್‌ಗೆ 320 ಬೈಟ್, ಹತ್ತು ಹೋಲ್‌ಗೆ 3200. ಸಾದಾ 32 ಕಿಲೋಬೈಟ್ ಕಾರ್ಟ್ರಿಜ್‌ನಲ್ಲಿ ಇನ್ನೂ ಜಾಗ ಮಿಗುತ್ತದೆ. ಟೈಲ್‌ಗಳ ನಂಬರನ್ನು ಹುಲ್ಲು ಒಂದು ಗುಂಪು, ಮರಳು ಒಂದು ಗುಂಪು, ಗೋಡೆ ಒಂದು ಗುಂಪು ಅಂತ ಜೋಡಿಸಿದರೆ ನಂಬರ್ ನೋಡಿಯೇ ನೆಲ ಯಾವುದು ಅಂತ ಗೊತ್ತಾಗುತ್ತದೆ, ಬೇರೆ ನಕ್ಷೆ ಬೇಡ. ಒಂದು ಭಾನುವಾರ ಚೌಕುಳಿ ಪುಸ್ತಕ ಹಿಡಿದುಕೊಂಡು ದುರ್ಗದ ಬಸ್ಸು ಹತ್ತಿ. 20 ಬೈ 16ರ ಚೌಕ ಗೀಟಿಕೊಂಡು ಅಲ್ಲೇ ನಿಂತು ಬರೆಯಿರಿ. ಫೋಟೊ ನೋಡಿ ಬರೆದರೆ ತಿರುವುಗಳು ಸರಿಯಾಗಿ ಬರುವುದಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ನಾಳೆಯೇ ಹತ್ತು ಹೋಲ್ ಬರೆಯಲು ಕೂರಬೇಡಿ. ಸುಮ್ನೆ ಒಂದು ಬಯಲು, ನಾಲ್ಕು ಗೋಡೆ, ಒಂದು ಗುಳಿ. ಅದರಲ್ಲಿ ಚೆಂಡು ಉರುಳಿಸುವುದೇ ಖುಷಿ ಕೊಡಬೇಕು. ಕೊಡದಿದ್ದರೆ ಎಷ್ಟು ಚೆಂದದ ಕೋಟೆ ಬರೆದರೂ ಅಷ್ಟೇ.

ಲ್ಯಾಪ್‌ಟಾಪಿನಲ್ಲಿ ಮಾತ್ರ ನೋಡಿ ಮುಗಿಸಬೇಡಿ. ಹಳೇ ಗೇಮ್ ಬಾಯ್‌ನ ಪರದೆ ನಿಧಾನ, ನಾಲ್ಕೇ ಛಾಯೆ. ವೇಗವಾಗಿ ಓಡುವ ಸಣ್ಣ ಚೆಂಡು ಅದರಲ್ಲಿ ಮಸುಕಾಗಿ ಬಾಲ ಎಳೆಯುತ್ತದೆ. ತಿಳಿ ಬಣ್ಣದ ಚೆಂಡು ಮಾಯವೇ ಆಗಬಹುದು. ಅತಿ ಗಾಢ ಛಾಯೆಯ ಅಂಚು ಕೊಡಿ, ನೆಲವನ್ನು ತಿಳಿಯಾಗಿಡಿ. ಬರೆದು ಅಳಿಸಬಹುದಾದ ಫ್ಲ್ಯಾಶ್ ಕಾರ್ಟ್ರಿಜ್ ಸಿಗುತ್ತದೆ, ಅದರಲ್ಲಿ ಹಾಕಿ ಮಾವನ ಯಂತ್ರದಲ್ಲೇ ಆಡಿ ನೋಡಿ.

ಆ ಯಂತ್ರದ ಗುಂಡಿಗಳನ್ನೂ ಒಮ್ಮೆ ನೋಡಬೇಕು. ಒತ್ತಿದ್ದು ಒಮ್ಮೊಮ್ಮೆ ತಡವಾಗಿ ತಗಲುತ್ತಿದ್ದರೆ, ನೀವು ಹೇಳಿದ ‘ಮೋಸ’ದಲ್ಲಿ ಅದರ ಪಾಲೂ ಇರಬಹುದು. ಗುಂಡಿಯ ಕೆಳಗೆ ರಬ್ಬರ್ ಪ್ಯಾಡ್ ಇರುತ್ತದೆ, ಅದರಡಿ ಬೋರ್ಡಿನ ಮೇಲೆ ಕೊಳೆ ಕೂತಿರುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವವನ್ನು ಹತ್ತಿಕಡ್ಡಿಗೆ ಹಚ್ಚಿ ಒರೆಸಿದರೆ ಹೋಗುತ್ತದೆ. ಕಾರ್ಟ್ರಿಜ್‌ನ ಹಲ್ಲುಗಳಿಗೂ ಅದೇ, ಬಾಯಿಂದ ಊದಬೇಡಿ. ಹಿಂಬದಿಯ ಸ್ಕ್ರೂಗಳು ಮೂರು ಗೆರೆಯವು, ಸಾದಾ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದುಹೋಗುತ್ತದೆ. ಅದಕ್ಕೆಂದೇ ಇರುವ ಟ್ರೈವಿಂಗ್ ಸ್ಕ್ರೂಡ್ರೈವರ್ ತರಿಸಿಕೊಳ್ಳಿ. ಮತ್ತೆ, ಮಾವನಿಗೆ ಹೇಳಿಯೇ ಬಿಚ್ಚಿ.